ಮಂಡಿ, ಕೋತಿ, ಕುಕ್ಕರ್ ಸೀಟಿ

ಬೆಳಗ್ಗೆ ಐದೂಕಾಲಕ್ಕೆ ದೇವರ ಮನೆ ಪಕ್ಕದ ಸಣ್ಣ ಕೋಣೆಯಲ್ಲಿ ಜಮಖಾನ ಹಾಸಿಕೊಂಡು ಧ್ಯಾನಕ್ಕೆ ಕೂರುತ್ತೇನೆ, ಒಂಬತ್ತು ವರ್ಷದಿಂದ. ಕಣ್ಣು ಮುಚ್ಚಿ ಹತ್ತು ಉಸಿರು ಆಗಿರುವುದಿಲ್ಲ, ಒಳಗೆ ಸಂತೆ ಶುರು. ನಿನ್ನೆ ಆಫೀಸಿನಲ್ಲಿ ತಾಳೆಯಾಗದೆ ಉಳಿದ 12,400 ರೂಪಾಯಿ. ಫ್ರಿಜ್ಜಿನಲ್ಲಿರೋ ದೋಸೆ ಹಿಟ್ಟು ಹುಳಿ ಬಂದಿದೆಯೋ ಏನೋ. ಹದಿನೈದು ವರ್ಷದ ಹಿಂದೆ ನಾದಿನಿ ಮದುವೆಯಲ್ಲಿ ಯಾರೋ ಅಂದ ಮಾತು. ಅದಕ್ಕೆ ನಾನು ಕೊಡಬೇಕಾಗಿದ್ದ, ಕೊಡದೇ ಹೋದ, ಭಾರೀ ಚೂಪಾದ ಉತ್ತರ. ಆ ಉತ್ತರವನ್ನು ಈ ಒಂಬತ್ತು ವರ್ಷದಲ್ಲಿ ಎಷ್ಟು ಸಲ ತಿದ್ದಿ ತೀಡಿದ್ದೇನೋ, ಲೆಕ್ಕ ಇಟ್ಟಿಲ್ಲ. ಲೆಕ್ಕ ಬರೆಯುವುದೇ ನನ್ನ ಕೆಲಸ, ಆದರೂ.

ಧ್ಯಾನ ಮಾಡ್ತೀನಿ ಅಂದರೆ ಜನ "ಓ, ಅದಕ್ಕೇ ನೀವು ಇಷ್ಟು ಶಾಂತವಾಗಿರೋದು" ಅನ್ನುತ್ತಾರೆ. ಆಗ ನಮ್ಮ ಮನೆಯವರು ಪಕ್ಕದಲ್ಲಿದ್ದರೆ ಅವರಿಗೆ ಕೆಮ್ಮು ಬರುತ್ತದೆ.

ಒಂಬತ್ತು ವರ್ಷದಲ್ಲಿ ಮೊದಲ ನಾಲ್ಕು ವರ್ಷ ನಾನು ಪೂರಾ ಅದಲುಬದಲು ಮಾಡಿಕೊಂಡು ಕೂತಿದ್ದೆ. ಸರಿ ಮಾಡಿಕೊಳ್ಳಬೇಕಾದ್ದನ್ನು ಹಲ್ಲು ಕಚ್ಚಿ ಸಹಿಸಿಕೊಂಡೆ. ಪಾಡಿಗೆ ಬಿಡಬೇಕಾದ್ದರ ಜೊತೆ ಕುಸ್ತಿಗೆ ಬಿದ್ದೆ. ಮಂಡಿ ನೋವನ್ನು ತಪಸ್ಸು ಅಂದುಕೊಂಡೆ, ಯೋಚನೆಯನ್ನು ಶತ್ರು ಅಂದುಕೊಂಡೆ. ಆಗಬೇಕಾಗಿದ್ದು ಇದರ ಉಲ್ಟಾ. ಅದು ತಲೆಗೆ ಹೋಗಲು ಒಂದು ಸಲ ಬೀಳಬೇಕಾಯಿತು. ಬೀಳೋದು ಅಂದರೆ ನಿಜವಾಗಿಯೂ, ಹೊಸ್ತಿಲ ಮೇಲೆ.

ಧ್ಯಾನ ಅಂದರೆ ನನ್ನ ತಲೆಯಲ್ಲಿ ಕ್ಯಾಲೆಂಡರ್ ಚಿತ್ರ ಇತ್ತು. ಪದ್ಮಾಸನ, ನೆಟ್ಟಗಿನ ಬೆನ್ನು, ತುಟಿಯಲ್ಲಿ ಸಣ್ಣ ನಗು. ದಿನಾ ಎಂಟು ಗಂಟೆ ಕುರ್ಚಿಯಲ್ಲಿ ಕೂರುವ, ಮೂವತ್ತೈದು ದಾಟಿದ ಮೈಯನ್ನು ಆ ಚಿತ್ರದೊಳಗೆ ತುರುಕಲು ಹೋದೆ. ಹತ್ತು ನಿಮಿಷಕ್ಕೆ ಬಲಗಾಲು ಜೋಮು ಹಿಡಿಯುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಕಾಲು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಇದೇ ಇರಬೇಕು ದೇಹ ಮರೆಯುವುದು ಅಂದರೆ, ಅಂತ ಒಳಗೊಳಗೇ ಬೀಗಿದ್ದೂ ಉಂಟು.

ಒಂದು ಶನಿವಾರ ಹಾಗೆ ಬೀಗುತ್ತಾ ಕೂತಿದ್ದಾಗ ಗ್ಯಾಸ್ ಸಿಲಿಂಡರಿನವನು ಬೆಲ್ ಮಾಡಿದ. ಗಡಿಬಿಡಿಯಲ್ಲಿ ಎದ್ದೆ. ಬಲಪಾದ ಮಡಚಿಕೊಂಡೇ ನೆಲ ಮುಟ್ಟಿತು. ಎತ್ತೋಣ ಅಂದರೆ ಅದು ನನ್ನ ಮಾತೇ ಕೇಳುತ್ತಿಲ್ಲ. ಬೇರೆ ಯಾರದೋ ಪಾದ. ಬಾಗಿಲು ಹಿಡಿಯಲು ಹೋಗಿ ಪರದೆ ಹಿಡಿದೆ, ಪರದೆ ಸಮೇತ ಬಿದ್ದೆ. ಮೂರು ವಾರ ಕ್ರೇಪ್ ಬ್ಯಾಂಡೇಜು.

ಪಕ್ಕದ ಬೀದಿಯ ಫಿಸಿಯೋಥೆರಪಿ ಹುಡುಗಿ ನನ್ನ ಕೈಯನ್ನೇ ಹಿಡಿದು ಮಂಡಿ ಮೇಲಿಟ್ಟು ತೋರಿಸಿದಳು. ಮಂಡಿಯ ಹೊರಬದಿ, ಸ್ವಲ್ಪ ಕೆಳಗೆ, ಒಂದು ಮೂಳೆಯ ಗುಬುಟು ಬೆರಳಿಗೆ ಸಿಗುತ್ತದೆ. ಅದನ್ನು ಸುತ್ತಿಕೊಂಡು ಒಂದು ನರ ಚರ್ಮದ ಹತ್ತಿರವೇ ಹಾದು ಹೋಗುತ್ತದೆ. ಪಾದವನ್ನು ಮೇಲಕ್ಕೆತ್ತುವ ಕೆಲಸ ಅದರದ್ದು. ಕಾಲು ಬಿಗಿಯಾಗಿ ಮಡಚಿ ಬಹಳ ಹೊತ್ತು ಕೂತರೆ ಅದು ಅದುಮಿಕೊಳ್ಳುತ್ತದೆ. ರಕ್ತ ಓಡಾಡದೆ ಜೋಮು ಹಿಡಿಯುತ್ತೆ ಅಂತ ನಾವೆಲ್ಲ ಹೇಳುತ್ತೇವಲ್ಲ, ಹೆಚ್ಚಿನ ಸಲ ಅದು ನರ ಅದುಮಿಕೊಂಡಿದ್ದರ ಫಲ. ಇಷ್ಟು ಹೇಳಿ ಅವಳು ಕೇಳಿದಳು: "ಅಲ್ಲಾ ಅಕ್ಕಾ, ಕುರ್ಚಿ ಮೇಲೆ ಕೂತವರ ಹತ್ರ ಬರಲ್ಲ ಅಂತ ದೇವರು ಹೇಳಿದಾನಾ?"

ಮನೆಗೆ ಬಂದು ಪತಂಜಲಿಯ ಯೋಗಸೂತ್ರ ತೆಗೆದು ನೋಡಿದೆ. ಓದಿದ್ದೆ, ಆದರೆ ಹೀಗೆ ನೋಡಿರಲಿಲ್ಲ. ಆಸನದ ಬಗ್ಗೆ ಅಲ್ಲಿರುವುದು ಮೂರೇ ಸೂತ್ರ. ಮೊದಲನೆಯದು ಹೇಳುವುದು ಇಷ್ಟೇ: ಆಸನ ಸ್ಥಿರವಾಗಿರಬೇಕು, ಸುಖವಾಗಿರಬೇಕು. ಸ್ಥಿರ ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಸುಖವನ್ನು ಬಿಟ್ಟುಬಿಟ್ಟಿದ್ದೆ. ಸಾಧನೆಗೆ ಬರುವ ಅಡ್ಡಿಗಳ ಪಟ್ಟಿಯೂ ಅದೇ ಪುಸ್ತಕದಲ್ಲಿದೆ. ಒಂಬತ್ತು. ಮೊದಲ ಹೆಸರು ವ್ಯಾಧಿ, ಅಂದರೆ ಕಾಯಿಲೆ. ಆಮೇಲೆ ಮಂಕು, ಅನುಮಾನ, ಅಸಡ್ಡೆ, ಸೋಮಾರಿತನ ಅಂತ ಪಟ್ಟಿ ಸಾಗುತ್ತದೆ. ಇವುಗಳ ಜೊತೆಗೇ ಬರುವ ಕಾಟಗಳಲ್ಲಿ ಮೈ ಅದುರುವುದು, ಉಸಿರು ಏರುಪೇರಾಗುವುದು ಕೂಡ ಇವೆ. ಅಷ್ಟು ಹಿಂದೆ ಕೂತವರಿಗೂ ಮೊದಲು ಕಾಡಿದ್ದು ಮೈಯೇ ಅಂತ ಓದಿ ನನಗೆ ಎಷ್ಟು ಸಮಾಧಾನ ಆಯಿತು ಅಂತೀರಾ.

ಮೈಸೂರಿನಲ್ಲಿದ್ದುಕೊಂಡು ಇದು ಗೊತ್ತಿರಲಿಲ್ಲ ಅನ್ನುವುದು ನಾಚಿಕೆ ವಿಷಯ. 1930ರ ದಶಕದಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ಊರು ಇದು. ಪಟ್ಟಾಭಿ ಜೋಯಿಸರು, ಬಿ.ಕೆ.ಎಸ್. ಅಯ್ಯಂಗಾರರು ಇಬ್ಬರೂ ಅವರ ಶಿಷ್ಯರೇ. ಅಯ್ಯಂಗಾರರಂತೂ ಮುಂದೆ ದಿಂಬು, ಬೆಲ್ಟು, ಮರದ ತುಂಡು, ಕುರ್ಚಿ ಎಲ್ಲವನ್ನೂ ಆಸನಕ್ಕೆ ಬಳಸಿದರು. ಆಗದವರಿಗೂ ಆಗಬೇಕು ಅಂತ. ಇವತ್ತಿಗೂ ಗೋಕುಲಂ ಬಡಾವಣೆ ಕಡೆ ಎಳನೀರು ಗಾಡಿ ಮುಂದೆ ನಿಂತರೆ ಯೋಗ ಕಲಿಯಲು ಬಂದ ನಾಲ್ಕಾರು ದೇಶದವರ ಮಂಡಿ ಕಥೆ ಬಿಟ್ಟಿಯಾಗಿ ಕಿವಿಗೆ ಬೀಳುತ್ತದೆ.

ಅಟ್ಟದ ಮೇಲಿದ್ದ ಎರಡು ಹಳೇ ಕಂಬಳಿ ಇಳಿಸಿ, ಮಡಚಿ, ಕೂರುವ ಜಾಗದಲ್ಲಿಟ್ಟೆ. ಸೊಂಟ ಮಂಡಿಗಿಂತ ನಾಲ್ಕು ಬೆರಳು ಮೇಲೆ ಬಂತು. ಮಂಡಿ ತಾನಾಗಿ ನೆಲಕ್ಕೆ ಇಳಿಯಿತು. ಪದ್ಮಾಸನ ಬಿಟ್ಟು ಸಾದಾ ಚಕ್ಕಳಮಕ್ಕಳ. ನಾಲ್ಕು ವರ್ಷದ ತಪಸ್ಸು ಎರಡು ಕಂಬಳಿಯಲ್ಲಿ ಮುಗಿಯಿತು.

ಉಳಿದವೂ ಇದೇ ಜಾತಿ. ಫೋನ್ ಬೇರೆ ಕೋಣೆಯಲ್ಲಿ. ಕೂರುವ ಮೊದಲು ಬಚ್ಚಲಿಗೆ ಹೋಗಿ ಬರುವುದು. ರಾತ್ರಿ ಊಟ ಎಂಟರೊಳಗೆ, ಇಲ್ಲದಿದ್ದರೆ ಬೆಳಗ್ಗೆ ಹುಳಿತೇಗಿನ ಧ್ಯಾನ. ತೂಕಡಿಕೆ ಬಂದರೆ ಕಣ್ಣು ಅರ್ಧ ತೆರೆದು ಕೂರುತ್ತೇನೆ. ಆಗಲೂ ಬಂದರೆ ಎದ್ದು ಹಜಾರದಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಿಧಾನ ನಡೆಯುತ್ತೇನೆ. ವಾರ ಪೂರ್ತಿ ತೂಕಡಿಕೆ ಬಂತು ಅಂದರೆ ನಿದ್ದೆ ಸಾಲಿಲ್ಲ ಅಂತ ಅರ್ಥ, ಹೋಗಿ ಮಲಗಬೇಕು. ಸೊಳ್ಳೆ ಕಚ್ಚಿದರೂ ಅಲ್ಲಾಡದೆ ಕೂತವರ ಕಥೆಗಳನ್ನು ನಾನೂ ಭಕ್ತಿಯಿಂದ ಕೇಳಿದ್ದೇನೆ. ಆದರೆ ಡೆಂಗ್ಯೂ ಸೊಳ್ಳೆ ಜಾಸ್ತಿ ಕಚ್ಚುವುದೇ ಬೆಳಗ್ಗೆ ಮತ್ತು ಸಂಜೆ. ನಾನು ಫ್ಯಾನ್ ಹಾಕಿಕೊಳ್ಳುತ್ತೇನೆ.

ಇನ್ನು ಕೋತಿ.

ನಮ್ಮಜ್ಜಿ ಹೇಳುತ್ತಿದ್ದ ಕಥೆ ನಿಮಗೂ ಗೊತ್ತಿರುತ್ತದೆ. ಪಂಡಿತರು ಔಷಧಿ ಕೊಟ್ಟು, "ಇದನ್ನ ಕುಡಿಯುವಾಗ ಮಾತ್ರ ಕೋತಿನ ನೆನೆಸ್ಕೋಬೇಡ" ಅಂತಾರೆ. ರೋಗಿ ಲೋಟ ಎತ್ತಿದಾಗೆಲ್ಲ ಕೋತಿ ಹಾಜರ್. ಪಾಪ, ಔಷಧಿ ಕುಡಿಯಲೇ ಇಲ್ಲ. ಇದನ್ನೇ 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಪ್ರಯೋಗ ಮಾಡಿ ನೋಡಿದರು. ಅಲ್ಲಿ ಕೋತಿ ಬದಲು ಬಿಳಿ ಕರಡಿ. ಕರಡಿ ಬಗ್ಗೆ ಯೋಚಿಸಬೇಡಿ, ಬಂದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ "ಈಗ ಬೇಕಾದರೆ ಯೋಚಿಸಿ" ಅಂದಾಗ, ಮೊದಲು ಅದುಮಿಟ್ಟುಕೊಂಡಿದ್ದವರ ತಲೆಯಲ್ಲಿ ಕರಡಿ ಇನ್ನೂ ಜಾಸ್ತಿ ಓಡಾಡಿತು. ಬಲವಂತವಾಗಿ ಖಾಲಿ ಮಾಡಲು ಹೋದ ತಲೆ ಧ್ಯಾನದಿಂದ ಎದ್ದ ಮೇಲೆ ಯಾಕೆ ಅಷ್ಟು ಕಿರಿಕಿರಿ ಮಾಡುತ್ತಿತ್ತು ಅನ್ನುವುದಕ್ಕೆ ನನಗೆ ಇಲ್ಲಿ ಉತ್ತರ ಸಿಕ್ಕಿತು. ಕರಡಿಯನ್ನು ಕಟ್ಟಿಹಾಕಿ ಇಪ್ಪತ್ತು ನಿಮಿಷ ಕಾದು, ಅಡುಗೆ ಮನೆಗೆ ಹೋಗಿ ಬಿಚ್ಚಿಬಿಡುತ್ತಿದ್ದೆ.

2010ರಲ್ಲಿ ಇನ್ನೊಂದು ಅಧ್ಯಯನ ಬಂತು. 2,250 ಜನರನ್ನು ದಿನದ ನಡುವೆ ಯಾವ್ಯಾವಾಗಲೋ ಫೋನಿನಲ್ಲಿ ಕೇಳಿದರು: ಈಗ ಏನು ಮಾಡ್ತಿದ್ದೀರಿ, ಮನಸ್ಸು ಎಲ್ಲಿದೆ? ಶೇಕಡಾ 46.9ರಷ್ಟು ಸಲ, ಅಂದರೆ ಹತ್ತಿರ ಹತ್ತಿರ ಅರ್ಧ ಹೊತ್ತು, ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಎಚ್ಚರ ಇರುವಷ್ಟು ಹೊತ್ತೂ ಹೀಗೆ ಅಲೆಯುವ ಮನಸ್ಸು ಐದೂಕಾಲಕ್ಕೆ ನಾನು ಜಮಖಾನ ಹಾಸಿದೆ ಅಂತ ಯಾಕೆ ನಿಲ್ಲಬೇಕು? ಅರ್ಜುನನೇ ಕೃಷ್ಣನ ಮುಂದೆ ಇದನ್ನು ಹೇಳಿಕೊಂಡಿದ್ದಾನೆ. ಬಸವಣ್ಣನವರಿಗೂ ಮನಸ್ಸು ಕೊಂಬೆ ಮೇಲಿನ ಕೋತಿಯೇ.

ನನಗೆ ದಾರಿ ತೋರಿಸಿದ್ದು ಮಾತ್ರ ನಮ್ಮತ್ತೆ. ಅವರು ದಿನಾ ಬೆಳಗ್ಗೆ ನೂರೆಂಟು ಮಣಿಯ ಸರ ಹಿಡಿದು ಜಪ ಮಾಡುತ್ತಾರೆ. ಕೂರುವುದು ಎಲ್ಲಿ? ಹಜಾರದಲ್ಲಿ, ಬಾಗಿಲಿಗೆ ಎದುರಾಗಿ, ಪೇಪರಿನವನು ಬಂದನೋ ಇಲ್ಲವೋ ಕಾಣುವ ಜಾಗದಲ್ಲಿ. ಹಾಲು ಉಕ್ಕುವ ಸದ್ದು ಬಂದರೆ ಮಣಿ ಬಿಡದೆ "ಹೂಂ ಹೂಂ" ಅಂತ ಅಡುಗೆ ಮನೆ ಕಡೆ ಗಲ್ಲ ತೋರಿಸುತ್ತಾರೆ. ಇದೂ ಒಂದು ಜಪವಾ ಅಂತ ನಾನು ಮನಸ್ಸಿನಲ್ಲೇ ನಕ್ಕಿದ್ದೇನೆ. ಬಾಗಿಲು ಹಾಕಿಕೊಂಡು ಊದುಬತ್ತಿ ಹಚ್ಚಿ ಕೂರುವವಳು ನಾನಲ್ವಾ.

ಒಂದು ದಿನ ಕೋಣೆಯಿಂದ ಹೊರಗೆ ಬಂದಾಗ ಕೇಳಿದರು.

"ಏನೇ, ಇವತ್ತೂ ಜಗಳ ಆಡ್ಕೊಂಡು ಎದ್ಯಾ?"

"ಯಾರ ಜೊತೆ ಅತ್ತೆ?"

"ನಂಗೇನು ಗೊತ್ತು. ಹುಬ್ಬು ಗಂಟು ಹಾಕ್ಕೊಂಡು ಬಂದಿದೀಯ. ದಿನಾ ಹಾಗೇ ಬರ್ತೀಯ."

ನನಗೆ ಸ್ವಲ್ಪ ಚುಚ್ಚಿತು. "ನಿಮಗೆ ಜಪ ಮಾಡುವಾಗ ಬೇರೆ ಯೋಚನೆ ಬರಲ್ವಾ ಅತ್ತೆ?" ಅಂದೆ.

"ಬರದೇ ಏನು? ಬರ್ತಾವೆ. ಏನೀಗ? ಬೆರಳು ಮುಂದಿನ ಮಣಿ ಹಿಡಿದಿರತ್ತಲ್ಲ."

ಅಷ್ಟು ಹೇಳಿ ಹುರುಳಿಕಾಯಿ ನಾರು ತೆಗೆಯಲು ಕೂತರು. ಅವರಿಗೆ ಅದು ದೊಡ್ಡ ಮಾತೇನೂ ಆಗಿರಲಿಲ್ಲ. ನನಗೆ ಮಾತ್ರ ಆ ಮಣಿ ಬಹಳ ದಿನ ಕೊರೆಯಿತು. ಯೋಚನೆ ಬಂದಾಗ ನಾನು ಏನು ಮಾಡುತ್ತಿದ್ದೆ? "ಛೇ, ಮತ್ತೆ ಹೋದೆಯಾ" ಅಂತ ಬೈಯುತ್ತಿದ್ದೆ. ಬೈದಿದ್ದಕ್ಕೆ ಬೇಜಾರು. ಬೇಜಾರಾಗಿದ್ದಕ್ಕೆ, ಇಷ್ಟು ವರ್ಷ ಆದರೂ ಇಷ್ಟೇನಾ ಅಂತ ಇನ್ನೊಂದು ಸುತ್ತು. ದೋಸೆ ಹಿಟ್ಟಿನ ಯೋಚನೆ ಮೂರು ಸೆಕೆಂಡಿನದು. ಅದರ ಮೇಲಿನ ವಿಚಾರಣೆ ಮೂರು ನಿಮಿಷದ್ದು. ಗದ್ದಲದಲ್ಲಿ ಹೆಚ್ಚು ಪಾಲು ಹಿಟ್ಟಿನದಾಗಿರಲಿಲ್ಲ, ವಕೀಲರದಾಗಿತ್ತು.

ಈಗ ನಾನು ಮಾಡುವುದು ಸಣ್ಣ ಕೆಲಸ. ಉಸಿರು ನನ್ನ ಮಣಿ. ಯೋಚನೆ ಬಂದಿದೆ ಅಂತ ಗೊತ್ತಾದ ಕೂಡಲೇ ಅದಕ್ಕೊಂದು ಹೆಸರು ಹೇಳುತ್ತೇನೆ. "ಲೆಕ್ಕ." "ಅಡುಗೆ." "ಮದುವೆ ಮನೆ." ಒಂದೇ ಪದ, ಬೈಗುಳ ಇಲ್ಲದ್ದು. ಬರ್ಮಾದ ಬೌದ್ಧ ಗುರುಗಳು ಹೀಗೆ ಹೆಸರಿಟ್ಟು ಗುರುತಿಸುವ ರೂಢಿಯನ್ನು ಬಹಳ ಹಿಂದಿನಿಂದ ಕಲಿಸಿಕೊಂಡು ಬಂದಿದ್ದಾರೆ. ಹೆಸರು ಹೇಳಿದ ಮೇಲೆ ಮುಂದಿನ ಉಸಿರು. ಕೆಲವು ದಿನ ಅರ್ಧ ಗಂಟೆಯಲ್ಲಿ ನೂರು ಸಲ ಹೆಸರು ಹೇಳುವುದಾಗುತ್ತದೆ. ಆಗಲಿ.

ಒಂದು ವಿಷಯಕ್ಕೆ ಮಾತ್ರ ಈ ಉಪಾಯ ಸಾಕಾಗುವುದಿಲ್ಲ. ನಿಜವಾಗಿಯೂ ಮಾಡಬೇಕಾದ ಕೆಲಸಗಳಿಗೆ. ಗ್ಯಾಸ್ ಬುಕ್ ಮಾಡಬೇಕು, ಮಗಳ ಫೀಸಿಗೆ ಇವತ್ತೇ ಕೊನೇ ದಿನ. ಇಂಥವು ಹೆಸರಿಟ್ಟರೂ ಹೋಗುವುದಿಲ್ಲ, ಸಾಲ ಕೇಳುವವರ ಹಾಗೆ ಬಾಗಿಲಲ್ಲೇ ನಿಲ್ಲುತ್ತವೆ. ಇವು ಮಂಡಿಯ ಜಾತಿಗೆ ಸೇರಿದವು. ಕೂರುವ ಮೊದಲೇ ಚೀಟಿಯಲ್ಲಿ ಬರೆದು ಜಮಖಾನದ ಪಕ್ಕ ಇಟ್ಟುಬಿಡುತ್ತೇನೆ. ಲೆಕ್ಕದ ವರ್ಷದ ಕೊನೇ ತಿಂಗಳು ಮಾರ್ಚಿನಲ್ಲಿ ಚೀಟಿ ಉದ್ದ ಇರುತ್ತದೆ.

ನಡುವೆ ಒಂದೆರಡು ವರ್ಷ ಶಕ್ತಿ, ಚಕ್ರ, ಹೀಲಿಂಗ್ ಅಂತೆಲ್ಲ ಓಡಾಡಿದೆ. ಮುಚ್ಚಿಡುವಂಥದ್ದೇನಿಲ್ಲ. ರೇಖಿ ಮೊದಲ ಹಂತದ ಎರಡು ದಿನದ ಕ್ಲಾಸಿಗೆ ಹೋಗಿದ್ದೆ. ಜಪಾನಿನಲ್ಲಿ ಮಿಕಾವೊ ಉಸುಯಿ ಅನ್ನುವವರು 1922ರ ಹೊತ್ತಿಗೆ ಶುರು ಮಾಡಿದ ಪದ್ಧತಿ ಅದು. ಕಣ್ಣು, ಕಿವಿ, ಗಂಟಲು, ಎದೆ ಅಂತ ಒಂದೊಂದು ಕಡೆ ಕೆಲವು ನಿಮಿಷ ಅಂಗೈ ಇಟ್ಟುಕೊಂಡು ಸುಮ್ಮನೆ ಇರಬೇಕು. ಕ್ಲಾಸಿನಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. "ಕೈ ಬಿಸಿ ಆಯ್ತಾ?" ಪಕ್ಕದವರು "ಕಾದ ಹಂಚಿನ ಹಾಗಾಯ್ತು" ಅಂದರು. ಆ ಕಡೆಯವರಿಗೆ ಕರೆಂಟು ಹರಿದಿತ್ತು. ನನ್ನ ಕೈ ಫ್ಯಾನಿನ ಗಾಳಿಗೆ ತಣ್ಣಗೆ ಕೂತಿತ್ತು. "ಹೂಂ, ಸ್ವಲ್ಪ ಆಯ್ತು" ಅಂದೆ. ಸುಳ್ಳು. ಅವತ್ತಿನಿಂದ ಕೈಯಿಟ್ಟಾಗೆಲ್ಲ ಮನಸ್ಸಿನಲ್ಲಿ ಒಂದೇ ಗಲಾಟೆ: ಬಂತಾ? ಈಗ ಬಂತಾ? ಈಗ? ದೋಸೆ ಹಿಟ್ಟೇ ವಾಸಿ.

ಬೇಕಾದರೆ ಈಗಲೇ ಮಾಡಿ ನೋಡಿ. ಅಂಗೈಯನ್ನು ತೊಡೆ ಮೇಲೆ ಮೇಲ್ಮುಖ ಇಟ್ಟು ಒಂದು ನಿಮಿಷ ಪೂರ್ತಿ ಗಮನ ಅಲ್ಲೇ ಇಡಿ. ಜುಮ್ಮೆನ್ನುವುದು, ಮಿಡಿಯುವುದು, ಬೆಚ್ಚಗಾಗುವುದು, ಏನಾದರೊಂದು ಬಂದೇ ಬರುತ್ತದೆ. ಗಮನ ಎಲ್ಲಿಟ್ಟರೆ ಅಲ್ಲಿ ಮೈ ಮಾತಾಡುತ್ತದೆ. ಅಷ್ಟು ಹೊತ್ತೂ ಅದು ಮಾತಾಡುತ್ತಲೇ ಇರುತ್ತದೆ, ನಾವು ಕೇಳಿರುವುದಿಲ್ಲ. ಇನ್ನು ಮನಸ್ಸು ಸಡಿಲವಾದಾಗ ಬೆರಳಿನ ರಕ್ತನಾಳಗಳು ಅಗಲವಾಗಿ ಕೈ ನಿಜಕ್ಕೂ ಬೆಚ್ಚಗಾಗುತ್ತದೆ. 1970ರ ಸುಮಾರಿಗೆ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಸ್ವಾಮಿ ರಾಮ ಅವರು ಒಂದೇ ಅಂಗೈಯ ಎರಡು ಕಡೆ ಬೇರೆ ಬೇರೆ ಉಷ್ಣತೆ ಬರುವಂತೆ ಮಾಡಿ ತೋರಿಸಿದ್ದರು. ಹಾಗಾಗಿ ಕೈ ಬಿಸಿಯಾಯಿತು ಅನ್ನುವವರನ್ನು ನಾನು ಸುಳ್ಳರು ಅನ್ನುವುದಿಲ್ಲ. ಅದನ್ನೇ ಶಕ್ತಿ ಹರಿದಿದ್ದು ಅಂತ ಅಳೆದು ತೋರಿಸುವ ಉಪಕರಣ ಮಾತ್ರ ಯಾವುದೂ ಇಲ್ಲ. ಕೈಯಿಟ್ಟುಕೊಂಡು ಹತ್ತು ನಿಮಿಷ ಸುಮ್ಮನೆ ಮಲಗುವುದು ಈಗಲೂ ನನಗೆ ಇಷ್ಟ. ಬಂತಾ ಅಂತ ಕೇಳುವುದನ್ನು ಬಿಟ್ಟ ಮೇಲೆ ಇನ್ನೂ ಇಷ್ಟ.

ಭಸ್ತ್ರಿಕ ಪ್ರಾಣಾಯಾಮದ ಕಥೆ ಇನ್ನೂ ಮಜಾ ಇದೆ. ವಿಡಿಯೋ ನೋಡಿಕೊಂಡು ಒಂದೇ ಸಮ ರಭಸದಿಂದ ಉಸಿರಾಡಿದೆ. ತುಟಿ ಸುತ್ತ ಇರುವೆ ಹರಿದ ಹಾಗೆ. ಬೆರಳು ಸೆಟೆದುಕೊಂಡಿತು. ತಲೆ ಹಗುರ. ಬೆನ್ನಿನ ಬುಡದಲ್ಲಿ ಮಲಗಿರುತ್ತಾಳೆ ಅನ್ನುವ ಕುಂಡಲಿನಿ ಶಕ್ತಿ ಎದ್ದೇ ಬಿಟ್ಟಳು ಅಂತ ನಡುಗುವ ಕೈಯಲ್ಲೇ ಗೆಳತಿಗೆ ಫೋನ್ ಮಾಡಿದೆ. ಅವಳು ನರ್ಸು. "ಮೊದ್ಲು ನಿಧಾನಕ್ಕೆ ಉಸಿರಾಡು ಮಾರಾಯ್ತಿ" ಅಂದಳು. ವೇಗವಾಗಿ ಉಸಿರಾಡಿದರೆ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೇಗ ಇಳಿಯುತ್ತದೆ, ಆಗ ಹೀಗೆಲ್ಲ ಆಗುತ್ತದೆ. ಐದು ನಿಮಿಷಕ್ಕೆ ಕುಂಡಲಿನಿ ವಾಪಸ್ ಮಲಗಿದಳು.

ಇಷ್ಟೆಲ್ಲ ಬರೆದ ಮೇಲೆ, ನನ್ನ ಕಂಬಳಿ ಸಿದ್ಧಾಂತವನ್ನೇ ಅಲುಗಾಡಿಸಿದ ಹತ್ತು ದಿನದ ವಿಷಯ ಹೇಳದಿದ್ದರೆ ಮೋಸವಾಗುತ್ತದೆ. ಮೂರು ವರ್ಷದ ಹಿಂದೆ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗಿದ್ದೆ. ವಿಪಶ್ಯನ ಗುರು ಎಸ್.ಎನ್. ಗೋಯಂಕಾ ಅವರ ಪರಂಪರೆಯದು. ಅವರು 2013ರಲ್ಲೇ ತೀರಿಕೊಂಡಿದ್ದಾರೆ, ಈಗಲೂ ಕಲಿಸುವುದು ಅವರ ಧ್ವನಿಮುದ್ರಣವೇ. ಶುಲ್ಕ ಇಲ್ಲ. ಫೋನು, ಪುಸ್ತಕ, ಪೆನ್ನು ಎಲ್ಲ ಒಪ್ಪಿಸಬೇಕು. ಮಾತು ಬಂದ್. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ, ದಿನಕ್ಕೆ ಹತ್ತು ಗಂಟೆಯಷ್ಟು ಕೂರುವುದು, ಹನ್ನೊಂದಕ್ಕೆ ಊಟ, ಸಂಜೆ ಹಣ್ಣು, ಮಂಡಕ್ಕಿ, ಟೀ, ಅಷ್ಟೇ. ಮೊದಲ ಮೂರು ದಿನ ಮೂಗಿನ ಹತ್ತಿರ ಉಸಿರು ನೋಡುವುದು ಬಿಟ್ಟು ಬೇರೇನಿಲ್ಲ. ಆಮೇಲೆ ದಿನಕ್ಕೆ ಮೂರು ಸಲ, ಒಂದೊಂದು ಗಂಟೆ, ಕೈ ಕಾಲು ಕಣ್ಣು ಯಾವುದನ್ನೂ ಅಲುಗಿಸದೆ ಕೂರಬೇಕು. ಅಧಿಷ್ಠಾನ ಅನ್ನುತ್ತಾರೆ.

ಐದನೇ ದಿನ ಮಧ್ಯಾಹ್ನ. ಕೂತ ನಲವತ್ತು ನಿಮಿಷಕ್ಕೆ ಎಡ ಹೆಗಲ ಹಿಂದೆ ಕೆಂಡ ಇಟ್ಟ ಹಾಗಾಯಿತು. ಹೆಸರಿಟ್ಟೆ, ಉಸಿರು ನೋಡಿದೆ, ಬೈದೆ, ಮತ್ತೆ ಉಸಿರು ನೋಡಿದೆ. ಇನ್ನೆಷ್ಟು ಹೊತ್ತು? ಗಂಟೆ ಬಾರಿಸುವವರು ಮರೆತರೇನೋ. ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಆಗ ಸ್ಪೀಕರಿನಲ್ಲಿ ಮುಗಿಯುವ ಸೂಚನೆಯ ಹಾಡು ಶುರುವಾಯಿತು. ಆ ಮೊದಲ ಸ್ವರಕ್ಕೇ ನೋವು ಮುಕ್ಕಾಲು ಪಾಲು ಮಾಯ. ನಾನಿನ್ನೂ ಅಲುಗಿರಲಿಲ್ಲ. ಹೆಗಲು ಅದೇ, ಕೂತ ಭಂಗಿ ಅದೇ. ಹೋಗಿದ್ದು "ಇನ್ನೆಷ್ಟು ಹೊತ್ತು" ಅನ್ನುವುದು ಮಾತ್ರ.

ಅವತ್ತು ಸಂಜೆ ಮಂಡಕ್ಕಿ ತಿನ್ನುತ್ತಾ ಬೇವಿನ ಮರದ ಕೆಳಗೆ ಬಹಳ ಹೊತ್ತು ಕೂತೆ. ಮೈಯದು ಬೇರೆ, ಮನಸ್ಸಿನದು ಬೇರೆ ಅಂತ ಎರಡು ಖಾತೆ ತೆರೆದಿದ್ದೆನಲ್ಲ. ಒಂದರ ಬಾಕಿ ಇನ್ನೊಂದರಲ್ಲಿ ಕೂತಿತ್ತು. ಈಗ ನೋವು ಬಂದಾಗ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಚಳಕ್ಕನೆ ಹೊಡೆಯುವ, ಮರಗಟ್ಟಿಸುವ, ಎದ್ದು ನಡೆದ ಮೇಲೂ ಉಳಿಯುವ ನೋವಾದರೆ ಕಂಬಳಿ ಸರಿ ಮಾಡಿಕೊಳ್ಳುತ್ತೇನೆ, ಹಠ ಇಲ್ಲ. ಗಂಟೆ ಬಾರಿಸಿದರೆ ಹೋಗುವಂಥದ್ದಾದರೆ ಕೂತೇ ನೋಡುತ್ತೇನೆ. ತುರಿಕೆಯಂತೂ ಬಹುತೇಕ ಈ ಎರಡನೇ ಗುಂಪು. ಮುಟ್ಟದೆ ನೋಡಿದರೆ ಏರುತ್ತದೆ, ತುದಿಗೆ ಬರುತ್ತದೆ, ತಾನೇ ಇಳಿಯುತ್ತದೆ. ನನ್ನ ಮೂಗಿನ ತುದಿಯದು ಅರವತ್ತು ಎಣಿಸುವುದರೊಳಗೆ ಹೋಗುತ್ತದೆ.

ಶಿಬಿರದಲ್ಲಿ ನನ್ನ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳು ಆರನೇ ದಿನ ಎದ್ದು ಹೋದರು. ಎರಡು ದಿನದಿಂದ ಅಳುತ್ತಿದ್ದರು. ಸುಮ್ಮನೆ ಕೂತಾಗ ಹಳೆಯದೆಲ್ಲ ಎದ್ದು ಬರುವುದುಂಟು, ಎಲ್ಲರಿಗೂ ಅದನ್ನು ಒಬ್ಬರೇ ತಾಳಿಕೊಳ್ಳಲು ಆಗುವುದಿಲ್ಲ. ಕೂತಷ್ಟೂ ಭಯ ಜಾಸ್ತಿಯಾಗುತ್ತಿದೆ, ರಾತ್ರಿ ನಿದ್ದೆ ಹೋಗಿದೆ ಅಂದರೆ ಕಣ್ಣು ತೆರೆದು ಎದ್ದು ಡಾಕ್ಟರ ಹತ್ತಿರ ಹೋಗಬೇಕು. ಇದೂ ನನ್ನ ಕಂಬಳಿ ಲೆಕ್ಕಕ್ಕೇ ಸೇರುತ್ತದೆ. ಆಕೆ ಎದ್ದು ಹೋಗಿದ್ದು ಸರಿ ಅಂತಲೇ ನನಗೆ ಅನ್ನಿಸಿತು.

ಇವತ್ತು ಬೆಳಗ್ಗೆ ಕೂತಾಗ "ಲೆಕ್ಕ" ಏಳೆಂಟು ಸಲ ಬಂತು. "ಮದುವೆ ಮನೆ" ಒಂದೇ ಸಲ. ಕಸದ ಗಾಡಿಯ ಹಾಡು ಬೀದಿ ತುದಿಯಿಂದ ಬಂದು, ನಮ್ಮ ಗೇಟಿನ ಮುಂದೆ ಸ್ವಲ್ಪ ನಿಂತು, ಆ ಕಡೆ ಹೋಯಿತು. ಅಡುಗೆ ಮನೆಯಲ್ಲಿ ಬೇಳೆಗೆ ಇಟ್ಟಿದ್ದ ಕುಕ್ಕರ್ ಒಂದು ಸೀಟಿ ಹಾಕಿತು. ಉಸಿರು. ಎರಡನೇ ಸೀಟಿ. "ಅಡುಗೆ" ಅಂದೆ. ಉಸಿರು. ಮೂರನೆಯದು ಆದ ಮೇಲೆ ಹಜಾರದಿಂದ "ಹೂಂ ಹೂಂ" ಅಂತ ಕೇಳಿಸಿತು.

ಎದ್ದೆ. ಒಲೆ ಆರಿಸಿದೆ. ವಾಪಸ್ ಬಂದಾಗ ಕಂಬಳಿ ಇನ್ನೂ ಬೆಚ್ಚಗಿತ್ತು. ಕೂತೆ.